ಉಸಿರುಗಟ್ಟಿದ ಗುಮ್ಮಟ

ಶಂಭುಲಿಂಗ ಮತ್ತೆ ಕಾಲ್ ಕಟ್ ಮಾಡಿದ. ಸಾನ್ವಿ ಮತ್ತೆ ಅದೇ ನಂಬರ್ ಒತ್ತಿದಳು.

ಅವನದೇನೂ ತಪ್ಪಿಲ್ಲ ಬಿಡಿ. "ನಮ್ಮ ಮನ್ಯಾಗ ಒಪ್ಪೂದಿಲ್ಲ, ನನ್ನ ಮರ್ತುಬಿಡು" ಎಂದು ಮೆಸೇಜ್ ಹಾಕಿದವಳು ಅವಳೇ. ಈಗ ಸಮಾಧಾನ ಹೇಳಲು ಫೋನ್ ಮಾಡುತ್ತಿದ್ದಾಳೆಂದೇ ಅವನು ತಿಳಿದಿರಬೇಕು.

ಅವನಿದ್ದದ್ದು ಇಂಡೋನೇಷ್ಯಾದ ಒಂದು ಜ್ವಾಲಾಮುಖಿಯ ಬುಡದಲ್ಲಿ, ಸಂಶೋಧಕರ ಶಿಬಿರದಲ್ಲಿ. ಅದರ ಬಾಯಲ್ಲಿ ಗಟ್ಟಿ ಲಾವಾ ಉಬ್ಬಿ ಗುಮ್ಮಟ ಕಟ್ಟಿತ್ತು. ಗುಮ್ಮಟದ ಬಿರುಕುಗಳಿಂದ ಹೊರಬೀಳುವ ಗ್ಯಾಸಿನ ಲೆಕ್ಕ ದಿನವೂ ಧಾರವಾಡದ ಲ್ಯಾಬಿಗೆ, ಅವಳ ಕಂಪ್ಯೂಟರಿಗೆ ಬರುತ್ತಿತ್ತು. ಇವತ್ತು ಮುಂಜಾನೆ ಗ್ಯಾಸ್ ತೀರಾ ಇಳಿದಿತ್ತು. ಬೆಟ್ಟ ತಣ್ಣಗಾಯಿತೆಂದು ಶಂಭುಲಿಂಗನೂ ಶಿಬಿರದವರೂ ಹತ್ತಲು ಹೊರಟಿದ್ದರು. ಆದರೆ ಗುಮ್ಮಟ ಉಬ್ಬುವುದು ನಿಂತಿರಲಿಲ್ಲ. ಅಂದರೆ ಗ್ಯಾಸ್ ಮುಗಿದಿಲ್ಲ, ಬಿರುಕುಗಳು ಮುಚ್ಚಿಹೋಗಿವೆ; ಗುಮ್ಮಟ ಯಾವಾಗ ಬೇಕಾದರೂ ಸಿಡಿಯಬಹುದು. ಶಿಬಿರಕ್ಕೆ ಹಾಕಿದ ಮೇಲ್‌ಗೆ ಉತ್ತರವೇ ಇಲ್ಲ.

ಎಂಥ ಸಿಟ್ಟಿನಲ್ಲೂ ಅವನು ತಾಯಿಯ ಫೋನ್ ಎತ್ತದೆ ಇರುವವನಲ್ಲ. ಅವಳ ಸ್ಕೂಟಿ ಅವನ ತಾಯಿಯಿದ್ದ ಲಕಮನಹಳ್ಳಿಗೆ ಹಾರಿತು. "ನಮ್ಮವ್ವನ್ನ ಒಮ್ಮಿ ನೋಡಬಾ" ಎಂದು ಅವನು ಗೋಗರೆದಾಗಲೆಲ್ಲ ಹೆದರಿ ತಪ್ಪಿಸಿಕೊಂಡಿದ್ದ ಮನೆಯ ಬಾಗಿಲನ್ನು ಈಗ ದಬದಬ ಬಡಿದಳು.

ಬಡಿತಕ್ಕೆ ಬಾಗಿಲು ತೆರೆದುಕೊಂಡಿತು. ಅಡುಗೆಮನೆಯಲ್ಲಿ ಅವನ ತಾಯಿ ಈರವ್ವ ಒಲೆಯ ಮೇಲೆ ಕಡಲೆಹಿಟ್ಟಿನ ಝುಣಕ ತಿರುವುತ್ತಿದ್ದಳು. "ಯಾರವ್ವಾ ನೀ?"

"ನಾ ಸಾನ್ವಿ ರೀ. ನಿಮ್ಮ ಮಗನ ಜೀವಕ್ಕ ಅಪಾಯ ಅದರೀ! ಬೆಟ್ಟದಾಗಿನ ಹಬಿಗೆ ಹೊರಗ ಬರಲಿಕ್ಕೆ ಹಾದಿನ ಇಲ್ಲ."

ಗಟ್ಟಿಯಾಗಿದ್ದ ಝುಣಕ ಪಟ್ಟನೆ ಸಿಡಿದು ಈರವ್ವನ ಕೈ ಸುಟ್ಟಿತು. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಮಗನಿಗೆ ಫೋನ್ ಹಚ್ಚಿ ಸಾನ್ವಿಯ ಕೈಗೆ ಕೊಟ್ಟಳು.

"ಹೇಳಬೇ ಯವ್ವಾ."

"ಶಂಭು, ಹತ್ತಬ್ಯಾಡ! ಗ್ಯಾಸ್ ಒಳಗ ಕೂಡ್ಲಿಕ್ಕತ್ತದ."

ಗಾಳಿಯ ಸದ್ದಿನ ನಡುವೆ ಅವನು ಕೂಗಿದ: "ಮರ್ತುಬಿಡು ಅಂದಾಕಿಗೆ ನಾ ಇದ್ದರೇನು, ಸತ್ತರೇನು?"

"ಸುಳ್ಳ ಹೇಳೀನೋ! ಅಪ್ಪಗ ಅಂಜಿ ಹೇಳೀನಿ. ನೀ ಇಲ್ಲಂದ್ರ ನಂಗ ಬದುಕಲಿಕ್ಕೆ ಆಗೂದಿಲ್ಲ. ನಿಮ್ಮವ್ವನ ಮುಂದ ನಿಂತು ಹೇಳ್ಲಿಕ್ಕತ್ತೀನಿ, ಕೆಳಗ ಇಳಿ!"

"ಡೌನ್! ಎವ್ರಿಬಡಿ ಡೌನ್!" ಎಂದು ಅವನು ಜೊತೆಯವರಿಗೆ ಕೂಗಿದ್ದು ಕೇಳಿಸಿತು. ಓಡುವ ಕಾಲುಗಳ ಸದ್ದು. ಆಮೇಲೆ ದೊಡ್ಡದೊಂದು ಗುಡುಗು. ಫೋನ್ ಸತ್ತುಹೋಯಿತು.

ಸಾನ್ವಿ ಶಿಬಿರಕ್ಕೆ ಇನ್ನೊಂದು ಮೇಲ್ ಹಾಕಿದಳು. ಈರವ್ವ ಸುಟ್ಟ ಕೈಯಲ್ಲೇ ಅದೇ ನಂಬರಿಗೆ ಮತ್ತೆ ಮತ್ತೆ ಹಚ್ಚುತ್ತ ಕೂತಳು. ಹೊತ್ತು ಇಳಿಯುವಾಗ ಬೇರೆ ಯಾವುದೋ ನಂಬರಿನಿಂದ ಫೋನ್ ಬಂತು.

"ಯವ್ವಾ, ಇಳದೇವಿ. ಎಲ್ಲಾರೂ ಆರಾಮ ಅದೇವಿ." ಅವನು ಕೆಮ್ಮಿದ. "ಆಕಿ... ಮನಿಗೆ ಹ್ವಾದಳೇನು?"

"ಎಲ್ಲಿಗೆ ಹೋಗ್ತಾಳ? ನನ್ನ ಸೊಸಿ ಮುಂಜಾನಿಂದ ಒಂದು ತುತ್ತು ಉಂಡಿಲ್ಲ," ಎಂದಳು ಈರವ್ವ. "ಮೊದಲ ಆಕಿಗೆ ಉಣ್ಣಾಕ ಹೇಳು."