ಮೂವತ್ತೆರಡನೇ ಪುಟ

ದಿನಾಂಕ 17-8-2001, ಶುಕ್ರವಾರ ಬೆಳಿಗ್ಗೆ 10.40ಕ್ಕೆ ಷಡಕ್ಷರಪ್ಪ ಶಿವಮೊಗ್ಗದ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ದುರ್ಗಿಗುಡಿಯಲ್ಲಿರುವ ತನ್ನ ಬಾಡಿಗೆ ಪುಸ್ತಕದ ಅಂಗಡಿಯಿಂದ ಹಿಂದಿನ ದಿನ ಮಧ್ಯಾಹ್ನ ಮೂವತ್ತೆಂಟು ಸಾಹಸ ಕಾದಂಬರಿಗಳು ಕಳುವಾಗಿವೆ ಎಂಬುದು ಅದರ ಸಾರಾಂಶ.

ಇನ್‌ಸ್ಪೆಕ್ಟರ್ ಪ್ರಸನ್ನಕುಮಾರ್ ಮೇಜಿನ ಮೇಲೆ ಗಣೇಶನ ಹಬ್ಬದ ಬಂದೋಬಸ್ತಿನ ಪಟ್ಟಿ ಹರಡಿಕೊಂಡಿದ್ದ. ಸ್ವಾತಂತ್ರ್ಯೋತ್ಸವದ ಡ್ಯೂಟಿಯ ಕಾಲುನೋವು ಇನ್ನೂ ಇಳಿದಿರಲಿಲ್ಲ.

"ಹಳೇ ಪುಸ್ತಕಕ್ಕೆ ಎಫ್‌ಐಆರ್ ಬೇಕೇನ್ರಿ?"

"ಹಳೇವು ಅಂತ್ಲೇ ಬೇಕು ಸಾರ್. ಹೊಸವಾಗಿದ್ರೆ ನಾನು ಬರ್ತಿರ್ಲಿಲ್ಲ."

ಕಳುವಾದವು 'ನಾವಿಕ ಭೈರವ' ಮಾಲೆಯ ಪುಸ್ತಕಗಳು. ತೊಂಬತ್ತಾರು ಪುಟದ ಪುಟ್ಟ ಪುಸ್ತಕಗಳು, ಒಟ್ಟು ಅರವತ್ತೆರಡು. ಪ್ರತಿಯೊಂದರ ರಟ್ಟಿನ ಮೇಲೂ ಕೈಯಲ್ಲಿ ಬರೆದ ಬಣ್ಣದ ಚಿತ್ರ: ಬಾಯಲ್ಲಿ ಕಠಾರಿ ಕಚ್ಚಿಕೊಂಡು ಹಗ್ಗಕ್ಕೆ ಜೋತುಬಿದ್ದ ಭೈರವ, ಕೆಳಗೆ ಮೊಸಳೆಗಳು, ಹಿಂದೆ ಹೊತ್ತಿ ಉರಿಯುವ ಹಡಗು. ಛಾಪಿಸಿದ ಪ್ರೆಸ್ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಾಲ್ಯದಲ್ಲಿ ಭೈರವನನ್ನು ಓದಿ ಹುಚ್ಚು ಹಿಡಿಸಿಕೊಂಡಿದ್ದ ಬೆಂಗಳೂರಿನ ಶಿವರಾಜ್ ಎಂಬುವನು ಈಗ ಇಡೀ ಮಾಲೆಯನ್ನು ಕೊಳ್ಳಲು ಒಪ್ಪಿದ್ದ. ಭಾನುವಾರ ಬರುವವನಿದ್ದ. ಷಡಕ್ಷರಪ್ಪನಿಗೆ ಅಂಗಡಿ ಮುಚ್ಚುವ ಮೊದಲು ಬಂದ ಒಂದೇ ಒಳ್ಳೆಯ ಗಿರಾಕಿ.

ಕಳವಿನ ಕಲಂ 380ರ ಅಡಿ ಪ್ರಕರಣ ದಾಖಲಾಯಿತು. 12.15ಕ್ಕೆ ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ತನುಜಾಳೊಂದಿಗೆ ಅಂಗಡಿಗೆ ಹೋದ. ಬೀಗ ಒಡೆದಿರಲಿಲ್ಲ. ಷಡಕ್ಷರಪ್ಪ ದಿನವೂ ಒಂದೂವರೆಗೆ ಊಟಕ್ಕೆ ಹೋಗುವಾಗ ಷಟರ್ ಅರ್ಧ ಇಳಿಸುತ್ತಿದ್ದ. ಹಳೆಯ ಓದುಗ ಹೆಂಗಸರು ಬಸ್ಸಿನ ಹೊತ್ತಾಗುವವರೆಗೆ ಒಳಗೇ ಕೂತು ಓದುವುದು ವಾಡಿಕೆ. ಯಾರು ಇದ್ದರು ಎಂದರೆ ಅವನಿಗೆ ಹೇಳಲಾಗಲಿಲ್ಲ. ದಿನಾ ಬರೋ ಮನೆಯವರಂಥೋರ ಮುಖ ಯಾರು ನೋಡ್ತಾರೆ ಸಾರ್ ಎಂದ.

ತನುಜಾ ವಾಪಸು ಬಂದ ಪುಸ್ತಕಗಳ ತಟ್ಟೆ ನೋಡಿದಳು. ಒಂದೇ ಒಂದು ಸಾಂಸಾರಿಕ ಕಾದಂಬರಿ ಇತ್ತು, ರಿಜಿಸ್ಟರಿನಲ್ಲಿ ಇನ್ನೂ ಜಮಾ ಆಗಿರಲಿಲ್ಲ. ನಿನ್ನೆ ಊಟ ಮುಗಿಸಿ ಬಂದಾಗಲೇ ಅದು ಅಲ್ಲಿತ್ತೆಂದು ಷಡಕ್ಷರಪ್ಪನಿಗೆ ನೆನಪಿತ್ತು. ಒಯ್ದದ್ದು ಕಾರ್ಡ್ ನಂಬರ್ 214, ನಂಜಮ್ಮ, ಜನ್ನಾಪುರ, ಭದ್ರಾವತಿ.

"ಕದಿಯೋಕೆ ಬಂದವಳು ತಂದ ಪುಸ್ತಕ ವಾಪಸ್ ಇಟ್ಟು ಹೋಗ್ತಾಳಾ?" ಇನ್‌ಸ್ಪೆಕ್ಟರ್ ಕೇಳಿದ.

"ಇಟ್ಟೇ ಹೋಗ್ತಾಳೆ ಸಾರ್. ನಿನ್ನೆಗೆ ವಾಯಿದೆ ಮುಗೀತಿತ್ತು."

ಅವಳು ಆ ಕಾದಂಬರಿಯ ಮೂವತ್ತೆರಡನೇ ಪುಟ ತೆಗೆದಳು. ಅಂಚಿನಲ್ಲಿ ಚುಕ್ಕೆ, ನಕ್ಷತ್ರ, ಕೊಡೆ, ಹೀಗೆ ಏಳೆಂಟು ಪುಟ್ಟ ಗುರುತುಗಳು. ಕೊನೆಯದು ಎರಡೆಲೆಯ ಬಳ್ಳಿ, ಶಾಯಿ ಹೊಸದು. ಬಾಡಿಗೆ ಪುಸ್ತಕ ಓದುವ ಹೆಂಗಸರ ಕ್ರಮ ಅದು ಎಂದು ತನುಜಾ ವಿವರಿಸಿದಳು. ಓದಿದ್ದನ್ನೇ ಮರೆತು ಮತ್ತೆ ಒಯ್ಯಬಾರದೆಂದು ಗೊತ್ತಾದ ಒಂದು ಪುಟದಲ್ಲಿ, ಈ ಕಡೆಯೆಲ್ಲ ಮೂವತ್ತೆರಡರಲ್ಲಿ, ತಮ್ಮ ಗುರುತು ಹಾಕಿಡುತ್ತಾರೆ. ಅವಳದೂ ಒಂದು ಕಾಲದಲ್ಲಿ ತ್ರಿಕೋನವಿತ್ತು. ನೌಕರಿ ಸೇರಿದ ಮೇಲೆ ಅದನ್ನು ಎಲ್ಲಿಯೂ ಹಾಕಿರಲಿಲ್ಲ.

ಆಮೇಲೆ ಕಳ್ಳರು ಬಿಟ್ಟುಹೋಗಿದ್ದ ಇಪ್ಪತ್ನಾಲ್ಕು ಭೈರವನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಒಂದರಲ್ಲೂ ಬಳ್ಳಿ ಇರಲಿಲ್ಲ.

"ತಾನು ಓದಿದ್ದನ್ನ ಮಾತ್ರ ಆರಿಸಿಕೊಂಡು ಹೋಗಿದ್ದಾಳೆ ಸಾರ್."

ಶನಿವಾರ 11.05ಕ್ಕೆ ಜೀಪು ಜನ್ನಾಪುರ ಮುಟ್ಟಿತು. ನಂಜಮ್ಮನಿಗೆ ಎಂಬತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ.

"ನಾನೇನು ಕದ್ದೆ ಮಾರಾಯ್ತಿ? ಬಚ್ಚಲಿಗೆ ಹೋಗ್ಬೇಕಾದ್ರೂ ಗೋಡೆ ಹಿಡ್ಕೋತೀನಿ," ಎಂದಳು.

ಕಾರ್ಡು ಅವಳದೇ. ಆದರೆ ಇಪ್ಪತ್ತೈದು ವರ್ಷದಿಂದ ಅದು ಆ ಬೀದಿಯ ಐದು ಮನೆಗಳಲ್ಲಿ ತಿರುಗುತ್ತಿತ್ತು. ಯಾರು ಶಿವಮೊಗ್ಗಕ್ಕೆ ಹೊರಟರೂ ಉಳಿದವರ ಪುಸ್ತಕ ತರುತ್ತಿದ್ದರು. ಎಲ್ಲರಿಗೂ ಬೇರೆ ಬೇರೆ ಗುರುತು. ಎರಡೆಲೆಯ ಬಳ್ಳಿ ಯಾರದು ಎಂದು ತನುಜಾ ಕೇಳಿದಳು. ಮುದುಕಿ ತುಂಬ ಹೊತ್ತು ಸೀರೆಯ ಅಂಚನ್ನು ಮಡಿಸುತ್ತ ಕೂತಳು.

"ಅವಳಿಗೆ ಹೊಡೀಬೇಡಿ," ಎಂದಳು ಕಡೆಗೆ.

ಮೂರನೇ ಮನೆ. ಕಾರ್ಖಾನೆಯಿಂದ ಸ್ವಯಂನಿವೃತ್ತಿ ಪಡೆದ ಪರಮೇಶ್ವರಪ್ಪ ಹೊರಗೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ. ಅವನ ಹೆಂಡತಿ ಜಗದಾಂಬಾ, ನಲವತ್ತೇಳು ವರ್ಷದವಳು, ಒಲೆ ಆರಿಸಿ ಕೈ ಒರೆಸಿಕೊಂಡು ಬಂದಳು. ಏನು ಎತ್ತ ಎಂದು ಕೇಳಲಿಲ್ಲ. ಸತ್ತ ಅತ್ತೆಯ ಮಂಚದ ಕೆಳಗಿನಿಂದ ಎರಡು ಚೀಲ ಎಳೆದು ಮುಂದಿಟ್ಟಳು.

"ಇವನ್ನೆಲ್ಲ ಇವಳು ಓದ್ತಿದ್ಲಾ?" ಪರಮೇಶ್ವರಪ್ಪ ಇನ್‌ಸ್ಪೆಕ್ಟರನ್ನು ಕೇಳಿದ.

ಪಕ್ಕದ ಮನೆಯ ಪುಟ್ಟಣ್ಣ ಮತ್ತು ಬೀದಿ ಕೊನೆಯ ಟೈಲರ್ ಮಾರಪ್ಪ ಜಪ್ತಿ ಮಹಜರಿಗೆ ಪಂಚರಾದರು. ಇನ್‌ಸ್ಪೆಕ್ಟರ್ ಹೇಳುತ್ತ ಹೋದ, ತನುಜಾ ಬರೆಯುತ್ತ ಹೋದಳು. ಪ್ರತಿ ಪುಸ್ತಕದ ಹೆಸರು, ಸ್ಥಿತಿ, ಗುರುತಿನ ಚಿಹ್ನೆ. ಮೊದಲನೇ ಪುಸ್ತಕದ ಮೂವತ್ತೆರಡನೇ ಪುಟ ತೆರೆದು ಅವಳ ಪೆನ್ನು ನಿಂತಿತು. ಬಳ್ಳಿಯ ಪಕ್ಕದಲ್ಲಿ ಇರುವೆಯಂಥ ಅಕ್ಷರಗಳಿದ್ದವು.

12-7-79. ಮಗು ನಿಲ್ಲಲಿಲ್ಲ. ಸಂಜೆ ಎದ್ದು ಅಡುಗೆ ಮಾಡಿದೆ.

ಮುಂದಿನದರಲ್ಲಿ: ಅಪ್ಪ ಹೋದರೆಂದು ತಂತಿ. ನನ್ನನ್ನು ಕಳಿಸಲಿಲ್ಲ.

ಇನ್ನೊಂದರಲ್ಲಿ: ನಾಲ್ಕು ದಿನದಿಂದ ನನ್ನ ಜೊತೆ ಯಾರೂ ಮಾತಾಡಿಲ್ಲ. ಭೈರವ ಸುರಂಗದಲ್ಲಿದ್ದಾನೆ.

"ಇದನ್ನೂ ಬರೀಬೇಕಾ ಸಾರ್?"

ಪ್ರಸನ್ನಕುಮಾರ್ ಪುಸ್ತಕ ತೆಗೆದುಕೊಂಡು ನೋಡಿದ. ಹೊರಗಿನ ಕುರ್ಚಿಯ ಕಡೆ ನೋಡಿದ. "ಗುರುತಿನ ಚಿಹ್ನೆ ಅಲ್ವಾ? ಇದ್ದ ಹಾಗೆ ಬರಿ. ಗಟ್ಟಿಯಾಗಿ ಓದೋದೇನೂ ಬೇಡ."

ಬರೆಯಲು ಎರಡು ಗಂಟೆ ಹಿಡಿಯಿತು. ನಡುವೆ ಇನ್‌ಸ್ಪೆಕ್ಟರ್ ವಿಚಾರಣೆ ಮಾಡಿದ.

"ಯಾಕೆ ತಗೊಂಡ್ರಿ?"

ಹಿಂದಿನ ವಾರ ಅಂಗಡಿಯಲ್ಲಿ ಕೂತಿದ್ದಾಗ ಷಡಕ್ಷರಪ್ಪ ಫೋನಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡೆ ಎಂದಳು. ಬೆಂಗಳೂರಿನವನು ರಟ್ಟನ್ನಷ್ಟೇ ಬಿಚ್ಚಿ ಗಾಜು ಹಾಕಿಸುತ್ತಾನೆ, ಒಳಗಿನ ಹಾಳೆಯೆಲ್ಲ ರದ್ದಿಗೆ.

"ಷಡಕ್ಷರಪ್ಪನ್ನ ಕೇಳಬಹುದಿತ್ತು."

"ಏನಂತ ಕೇಳ್ಲಿ?"

ಇನ್‌ಸ್ಪೆಕ್ಟರ್ ಒಂದು ಪುಸ್ತಕ ಎತ್ತಿಕೊಂಡ. "ಬರೆಯೋಕೆ ಮನೇಲಿ ಒಂದು ನೋಟ್‌ಬುಕ್ ಇರ್ಲಿಲ್ವಾ?"

"ಮನೇಲಿ ಇಟ್ಟಿದ್ದನ್ನ ಅತ್ತೆ ಯಾರ ಕೈಲಾದ್ರೂ ಓದಿಸ್ತಿದ್ರು. ಸಂಸಾರದ ಕಾದಂಬರೀಲಿ ಬರೆದ್ರೆ ಹೆಂಗಸರು ನೋಡ್ತಾರೆ. ಭೈರವನ್ನ ಓದೋರು ಗಂಡುಮಕ್ಕಳು. ಅವರಿಗೆ ಹೊಡೆದಾಟ ಬಿಟ್ಟು ಬೇರೇನೂ ಕಾಣಲ್ಲ."

"ಅಂದ್ರೆ ಬರೆಯೋಕೇ ತರ್ತಿದ್ರಿ, ಓದ್ತಿರ್ಲಿಲ್ಲ."

ಅವಳಿಗೆ ಸಿಟ್ಟು ಬಂದದ್ದು ಆಗೊಂದೇ ಸಲ. "ಓದದೆ? ಒಂದೊಂದನ್ನೂ ಮೂರು ಸಲ ಓದಿದೀನಿ. ಮೊಸಳೆ ಇರ್ಲಿ, ಬೆಂಕಿ ಇರ್ಲಿ, ಅವನು ತಪ್ಪಿಸ್ಕೊಂಡು ಬರ್ತಿದ್ದ. ಬರ್ತಾನೆ ಅಂತ ಗೊತ್ತು. ಹೇಗೆ ಬರ್ತಾನೆ ಅಂತ ನೋಡ್ಬೇಕು. ಆ ಚಿತ್ರ ಬರೆದೋನೂ ನೋಡಿ, ಹಗ್ಗದ ಒಂದು ಎಳೆ ಮಾತ್ರ ಉಳಿಸಿರ್ತಾನೆ."

"ಮೂವತ್ತೆಂಟರವರೆಗೆ ತಗೊಂಡು ಮೂವತ್ತೊಂಬತ್ತನೇದು ಯಾಕೆ ಬಿಟ್ರಿ?"

ಎಂಬತ್ತೊಂಬತ್ತರಲ್ಲಿ ಅತ್ತೆಗೆ ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದನ್ನು ಹೇಳಿದಳು. ಆಗ ಪುಸ್ತಕ ಮುಟ್ಟಲು ಆಗಲಿಲ್ಲ. ಆಮೇಲೆ ಬೇರೆಯವರು ತಂದದ್ದನ್ನು ಓದಿದಳು, ಬರೆಯಲು ಏನೂ ಉಳಿದಿರಲಿಲ್ಲ.

"ಅದನ್ನ ನಾನು ಓದಿಲ್ಲ. ಅದು ಅಂಗಡಿಯೋರದು."

ಮಧ್ಯಾಹ್ನ 3.10ಕ್ಕೆ ಬಂಧನದ ಮೆಮೊಗೆ ಜಗದಾಂಬಾ ರುಜು ಹಾಕಿದಳು. ಅಕ್ಷರಗಳನ್ನು ಬಿಡಿಸಿ ದೊಡ್ಡದಾಗಿ ಬರೆದಳು. ಕೃತ್ಯದ ಉದ್ದೇಶ ಎಂಬಲ್ಲಿ ಏನು ಹಾಕುವುದೆಂದು ಇನ್‌ಸ್ಪೆಕ್ಟರ್ ಬಹಳ ಹೊತ್ತು ಯೋಚಿಸಿ, 'ಆರೋಪಿಯು ತನ್ನ ಹತ್ತು ವರ್ಷಗಳ ವೈಯಕ್ತಿಕ ಬರಹ ನಾಶವಾಗುವುದೆಂಬ ಭಯದಿಂದ' ಎಂದು ಬರೆದ. ಗಂಡ ಜಾಮೀನಿಗೆ ಯಾರನ್ನು ಹಿಡಿಯಬೇಕೆಂದು ಪುಟ್ಟಣ್ಣನೊಂದಿಗೆ ಮಾತಾಡುತ್ತಿದ್ದ. ಹೆಂಡತಿಯ ಹತ್ತಿರ ಬರಲಿಲ್ಲ. ಬೀದಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು.

ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಜಗದಾಂಬಾ ತನುಜಾಳ ಕಡೆ ತಿರುಗಿದಳು.

"ಪುಸ್ತಕ ಅವರಿಗೆ ವಾಪಸ್ ಕೊಡ್ತೀರಾ?"

"ಸದ್ಯಕ್ಕೆ ಕೋರ್ಟಿಗೆ ಹೋಗುತ್ತೆ. ಅವರು ಬಾಂಡ್ ಬರೆದು ಬಿಡಿಸ್ಕೊಂಡ್ರೂ ಕೇಸ್ ಮುಗಿಯೋವರೆಗೆ ರೂಪ ಕೆಡಿಸೋ ಹಾಗಿಲ್ಲ. ಕೇಳಿದಾಗ ಹಾಗೇ ತಂದು ತೋರಿಸ್ಬೇಕು."

"ರಟ್ಟು?"

"ರಟ್ಟೂ ಬಿಚ್ಚೋ ಹಾಗಿಲ್ಲ."

"ಕೇಸ್ ಎಷ್ಟು ವರ್ಷ ನಡೆಯುತ್ತೆ?"

"ಐದು, ಆರು. ಹೇಳೋಕಾಗಲ್ಲ."

"ಹಾಗಾದ್ರೆ ಸರಿ," ಎಂದು ಜಗದಾಂಬಾ ಜೀಪು ಹತ್ತಿ, ತನುಜಾಳಿಗೆ ಕೂರಲು ಜಾಗ ಬಿಟ್ಟು ಒತ್ತಿ ಕೂತಳು.