ಉಸಿರು ಹೋಗುವ ತನಕ

ಎಲೆ ಉದುರುವ ಕಾಲ. ಹೊತ್ತು ಇನ್ನೂ ಮುಳುಗಿರಲಿಲ್ಲ, ಬೆಳಕು ಮಾತ್ರ ಆಗಲೇ ಮಂಕಾಗಿತ್ತು. ಮರದ ಮಿಲ್ಲಿನ ಸೈರನ್ ಕೂಗಿ, ಗರಗಸಗಳೆಲ್ಲ ಒಂದೊಂದಾಗಿ ಗಂಟಲು ಕಟ್ಟಿದ ಹಾಗೆ ನಿಂತು, ಕಿವಿಯೊಳಗೆ ಬರೀ ಗುಂಯ್ ಎನ್ನುವ ಸದ್ದು ಉಳಿಯುವ ಗಳಿಗೆ. ಎಲ್ಲ ಶುರುವಾದದ್ದು ಆಗಲೇ.

ಅವನು ಆ ಮಿಲ್ಲಿಗೆ ಹೊಸಬ. ಗರಗಸದ ಹಲ್ಲು ಹರಿತ ಮಾಡುವುದು ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒಂದೊಂದು ಹಲ್ಲಿಗೂ ಅರ ತಿಕ್ಕಿ ತಿಕ್ಕಿ, ಸಂಜೆ ಹೊರಗೆ ಬಂದರೆ ರೆಪ್ಪೆಯ ಮೇಲೂ ಮರದ ಹುಡಿ ಕೂತಿರುತ್ತಿತ್ತು. ಹೆಂಡತಿ, ಮಗಳನ್ನು ಕಟ್ಟಿಕೊಂಡು ಬಂದು ಬಾಡಿಗೆ ಮನೆ ಹಿಡಿದಿದ್ದ. ಪಾತ್ರೆಗಳು ಇನ್ನೂ ಅರ್ಧ ಗೋಣಿಚೀಲದಲ್ಲೇ ಇದ್ದವು. ಮಿಲ್ಲಿಗೂ ಮನೆಗೂ ನಡುವೆ ಕಾಡನ್ನು ಸೀಳಿಕೊಂಡು ಹೋಗುವ ಒಂದು ಡಾಂಬರು ರಸ್ತೆ. ಅವನು ಮೋಟರ್ ಸೈಕಲ್ಲನ್ನು ಒದ್ದು ಹೊರಡಬೇಕು ಎನ್ನುವಾಗ ಗೇಟು ಕಾಯುವ ಮುದುಕ ಅಡ್ಡ ಬಂದು ಹ್ಯಾಂಡಲ್ ಹಿಡಿದುಕೊಂಡ.

"ಹೊಸಬ ಅಂತ ಹೇಳ್ತಿದೀನಿ ಮಗಾ. ಆ ದಾರೀಲಿ ನಿನ್ನ ಗಾಡಿಗೆ ಏನಾದ್ರೂ ಸಿಕ್ಕಿ ಬಿದ್ರೆ, ಬಿಟ್ಟು ಹೋಗ್ಬೇಡ."

"ಏನು ಸಿಕ್ಕಿದ್ರೆ?"

"ಏನಾದ್ರೂ ಸರಿ. ಕೋಳಿ, ನಾಯಿ, ಮನುಷ್ಯ. ಇಳಿದು ಪಕ್ಕದಲ್ಲಿ ಕೂತ್ಕೋ. ಎದ್ದು ಹೋದ್ರೆ ನಿನ್ನ ಪುಣ್ಯ. ಇಲ್ದಿದ್ರೆ ಅದರ ಉಸಿರು ಹೋಗೋ ತನಕ ಏಳ್ಬೇಡ."

"ಕೋಳಿ ಬಿದ್ರೆ ತೊಡೆ ಮೇಲೆ ಹಾಕ್ಕೊಂಡು ಲಾಲಿ ಹಾಡ್ಬೇಕಾ ತಾತ?"

ಹಿಂದೆ ಸೈಕಲ್ಲು ಹಿಡಿದು ನಿಂತಿದ್ದ ಕೂಲಿಯವರು ಯಾರೂ ನಗಲಿಲ್ಲ. ಒಬ್ಬ ಮುಖ ಆಚೆ ತಿರುಗಿಸಿಕೊಂಡ.

"ಲಾಲಿ ಬೇಡ. ಕೂತ್ರೆ ಸಾಕು. ಅಲ್ಲಿ ಮಾಟ ಹೂತಿಟ್ಟಿದ್ದಾರೆ."

"ಹೂತೋರಿಗೆ ಹಾಗೇ ಗುಂಡಿಗಳನ್ನೂ ಮುಚ್ಚಿಬಿಡಿ ಅನ್ನಿ. ಸೊಂಟ ಬಿದ್ದುಹೋಗ್ತಿದೆ," ಎಂದು ಅವನು ಹ್ಯಾಂಡಲ್ ಬಿಡಿಸಿಕೊಂಡು ಹೊರಟ.

ಅವನಿಗೆ ಅವಸರವಿತ್ತು. ಮಗಳು ಕಾಯುತ್ತಿದ್ದಳು. ಆ ಹುಡುಗಿ ಕಣ್ಣು ಬಿಟ್ಟರೆ ಬಾಯಿ ಮುಚ್ಚುವವಳಲ್ಲ. ಅರಳು ಹುರಿದ ಹಾಗೆ ಮಾತು. ಅದಕ್ಕೇ ಅವಳನ್ನು ಮನೆಯಲ್ಲಿ ಅರಳು ಎಂದೇ ಕರೆಯುತ್ತಿದ್ದರು. ಗಾಡಿಯ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ತಟ್ಟೆಯ ಮುಂದೆ ಕೂತವಳೂ ಎದ್ದು ಗೇಟಿಗೆ ಓಡುತ್ತಿದ್ದಳು. "ಮರದಪ್ಪ ಬಂದ" ಎಂದು ಕೂಗಿ, ಅವನ ತಲೆ ಬಗ್ಗಿಸಿ, ಕೂದಲಿನ ಹುಡಿಯನ್ನು ಎರಡೂ ಕೈಯಿಂದ ಕೊಡವುತ್ತಿದ್ದಳು. ಅವಳು ಕೊಡವುವ ತನಕ ಅವನಿಗೆ ಕೆಲಸ ಮುಗಿಯಿತು ಅನ್ನಿಸುತ್ತಿರಲಿಲ್ಲ. ಆವತ್ತು ಚೂರು ಮರದಲ್ಲಿ ಒಂದು ಬುಗುರಿ ಕೆತ್ತಿ ಜೇಬಿನಲ್ಲಿಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಅದು ಎದೆಗೆ ಒತ್ತುತ್ತಿತ್ತು.

ಕಾಡಿನೊಳಗೆ ಹೊಕ್ಕಾಗ ಒಣಗಿದ ಎಲೆಯ ವಾಸನೆ ಮೂಗಿಗೆ ಅಡರಿತು. ದೀಪ ಹಾಕಿದ. ಹಳದಿ ಬೆಳಕಿನ ತುದಿಯಲ್ಲಿ ಜಿಂಕೆ ನಿಂತಿತ್ತು. ಓಡುತ್ತಿರಲಿಲ್ಲ. ಸುಮ್ಮನೆ ನಿಂತು ಬೆಳಕನ್ನೇ ನೋಡುತ್ತಿತ್ತು, ಯಾರೋ ಹೆಸರು ಹಿಡಿದು ಕರೆದ ಹಾಗೆ. ಬ್ರೇಕು ಒತ್ತಿದ. ಚಕ್ರ ಜಾರಿತು. ಧಡ್ ಎಂಬ ಮೆತ್ತನೆಯ ಸದ್ದು. ಅಷ್ಟೆ.

ಅವನಿಗೆ ಮೊಣಕಾಲು ತರಚಿತು, ಬ್ರೇಕಿನ ಹಿಡಿ ಬಾಗಿತು. ಜಿಂಕೆ ರಸ್ತೆಯ ಅಂಚಿನಲ್ಲಿ ಬಿದ್ದಿತ್ತು. ಹಿಂಗಾಲು ಎರಡೂ ಅದರವಲ್ಲವೇನೋ ಎಂಬಂತೆ ಬಿದ್ದಿದ್ದವು. ಮುಂಗಾಲಿನಿಂದ ಡಾಂಬರು ಕೆರೆಯುತ್ತಿತ್ತು. ಕರ್. ಕರ್. ಕರ್. ಕಣ್ಣು ಅವನನ್ನು ಬಿಟ್ಟು ಕದಲಲಿಲ್ಲ.

ಮುದುಕನ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿ ನಗುವೂ ಬಂತು, ನಗುವಿನ ಕೆಳಗೆ ಸಣ್ಣಗೆ ನಾಚಿಕೆಯೂ ಬಂತು. "ಎದ್ದು ಹೋಗುತ್ತೆ ಬಿಡು," ಎಂದು ಗಟ್ಟಿಯಾಗಿ ಹೇಳಿದ. ಯಾರಿಗೆ ಹೇಳಿದನೋ. ಗಾಡಿ ಎತ್ತಿ, ಒದ್ದು, ಹೊರಟ. ಇಂಜಿನ್ನಿನ ಅಷ್ಟು ಗದ್ದಲದೊಳಗೂ ಆ ಕೆರೆತದ ಸದ್ದು ಬಹಳ ದೂರದ ತನಕ ಕೇಳಿಸಿತು. ಕೇಳಿಸಬಾರದಿತ್ತು.

ಮನೆಯ ತಿರುವು ಬಂತು. ಅರಳು ಓಡಿ ಬಂದಳು. "ಮರದ" ಎಂದವಳು ಅಲ್ಲಿಗೇ ನಿಂತಳು. ಗಾಡಿಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಕಣ್ಣು ಮಿಟುಕಿಸಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಸೊಂಟದ ಕೆಳಗೆ ಯಾರೋ ದಾರ ಕತ್ತರಿಸಿದಂತೆ ಕುಸಿದುಬಿಟ್ಟಳು.

ಅಂದಿನಿಂದ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಡಾಕ್ಟರು ಕಾಲು ತಟ್ಟಿ ನೋಡಿದರು, ಬೆನ್ನಿನ ಎಕ್ಸ್‌ರೇ ತೆಗೆಸಿದರು. "ಏನೂ ಮುರಿದಿಲ್ಲ, ಹೆದರಿರಬೇಕು" ಎಂದರು. ಹಾಸಿಗೆಯಲ್ಲಿ ಅವಳ ಎದೆ ಮಾತ್ರ ಹಕ್ಕಿಯ ಎದೆಯ ಹಾಗೆ ಏರಿಳಿಯುತ್ತಿತ್ತು. ಮಾತಿಲ್ಲ. ಉಗುರಿನಿಂದ ಗೋಡೆ ಕೆರೆಯುತ್ತಿದ್ದಳು. ಕರ್. ಕರ್. ಆಗಾಗ ಕಣ್ಣಿನ ಮೂಲೆ ಉಜ್ಜಿಕೊಂಡು ಒಂದೇ ಮಾತು ಆಡುತ್ತಿದ್ದಳು:

"ಅಮ್ಮಾ, ಇರುವೆ."

ತಾಯಿ ಹಾಸಿಗೆ ಕೊಡವಿದಳು, ಹೊದಿಕೆ ಬಿಸಿಲಿಗೆ ಹಾಕಿದಳು, ದೀಪ ಹಿಡಿದು ಕಣ್ಣಿನ ಸುತ್ತ ಹುಡುಕಿದಳು. ಒಂದು ಇರುವೆಯೂ ಇರಲಿಲ್ಲ. ಕೋಣೆಯಲ್ಲಿ ಒಣ ಎಲೆಯ ವಾಸನೆ ಇತ್ತು. ಕಿಟಕಿ ಮುಚ್ಚಿದರೂ ಇತ್ತು.

"ರೀ, ಆವತ್ತು ದಾರೀಲಿ ಏನಾದ್ರೂ ಆಯ್ತಾ?" ಎಂದು ಹೆಂಡತಿ ಕೇಳಿದಳು. "ಬ್ರೇಕು ಬಾಗಿದೆಯಲ್ಲ."

"ಗುಂಡೀಲಿ ಬಿದ್ದೆ. ಅಷ್ಟೆ."

ಅವಳು ಅವನ ಮುಖವನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಅವನು ಅಂದಿನಿಂದ ಕಾಡಿನ ರಸ್ತೆ ಬಿಟ್ಟು ಬಳಸು ದಾರಿಯಲ್ಲಿ ಮಿಲ್ಲಿಗೆ ಹೋಗತೊಡಗಿದ. ನಂಬದವನು ಯಾಕೆ ದಾರಿ ಬಳಸಬೇಕು ಎಂದು ಯಾರೂ ಅವನನ್ನು ಕೇಳಲಿಲ್ಲ. ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ. ಹಾಗೆ ದಿನಗಳು ಸಂದವು. ಮಗು ಕರಗುತ್ತ ಬಂತು.

ಕೊನೆಗೆ ಒಂದು ಮಧ್ಯಾಹ್ನ ಗೇಟಿನ ಮುದುಕ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಾಲಿಡುವ ಕಂಬಿಗೆ ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ನಿಂತ. ಕಂದು ಕೂದಲು, ತುದಿ ಬಿಳಿ.

"ಕೂರ್ಲಿಲ್ಲ ಅಲ್ವಾ?"

 ಅವನು ಅತ್ತುಬಿಟ್ಟ.

"ನನ್ನ ಹತ್ರ ಅತ್ತು ಏನು ಪ್ರಯೋಜನ? ಹೊಲಿಗೆಯಮ್ಮನ ಹತ್ರ ಹೋಗು. ಆ ಮಾಟ ಮಾಡಿದೋಳು ಅವಳೇ."

ಹೊಲಿಗೆಯಮ್ಮನ ಮನೆ ಕಾಡಿನ ಅಂಚಿನಲ್ಲಿತ್ತು. ಒಂದೇ ಕೋಣೆ. ಹೊಲಿಗೆ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು, ಗಾಜಿನ ಡಬ್ಬಿಯಲ್ಲಿ ಬಣ್ಣಬಣ್ಣದ ಗುಂಡಿಗಳು. ಮಷಿನ್ ಎಣ್ಣೆಯ ವಾಸನೆ. ಮುದುಕಿಯ ಎರಡೂ ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಅವನು ಹೊಸ್ತಿಲಲ್ಲಿ ನಿಂತದ್ದೇ ಅವಳು ತಲೆ ಎತ್ತಿದಳು.

"ಜಿಂಕೆಯಾ?"

"ಹೌದಮ್ಮಾ."

"ಮನೇಲಿ ಯಾರು ಮಲಗಿರೋದು?"

"ಮಗಳು."

 ಮುದುಕಿಯ ಬೆರಳುಗಳು ಸೀರೆಯ ಅಂಚಿನ ಮೇಲೆ ಕಾಣದ ದಾರವೊಂದನ್ನು ಹುಡುಕುತ್ತಿದ್ದವು.

"ನನ್ನ ಗಂಡನ್ನ ಲಾರಿಯೋನು ಹೊಡೆದು ಹೋದ. ಸಂಜೆ ಬಿದ್ದೋರು ಬೆಳಗಿನ ತನಕ ಜೀವ ಹಿಡ್ಕೊಂಡಿದ್ರಂತೆ. ಎಷ್ಟೋ ಗಾಡಿ ಹೋದ್ವು, ಒಂದೂ ನಿಲ್ಲಲಿಲ್ಲ. ನಾನು ಹೋಗಿ ನೋಡ್ದಾಗ ಬೆರಳಲ್ಲಿ ಉಗುರೇ ಇರ್ಲಿಲ್ಲ ಮಗಾ. ಡಾಂಬರು ಕೆರೆದು ಕೆರೆದು. ಅವರ ಅಂಗಿಯ ಕುತ್ತಿಗೆ, ತೋಳು ಎಲ್ಲ ಹೊಲಿದು ಮುಚ್ಚಿದೆ. ಒಳಗೆ ಅವರ ಕೂದಲು. ಮಂತ್ರದೋನು ಹೇಳ್ಕೊಟ್ಟ ಮಾತು ಹೇಳಿ, ಅವರು ಬಿದ್ದ ಜಾಗದಲ್ಲೇ ಹೂತೆ. ಬೀಳಿಸಿ ಬಿಟ್ಟುಹೋದೋನಿಗೆ ಯಾರು ಜೀವವೋ, ಅವರಿಗೆ ಈ ನೋವು ಸೇರ್ಲಿ ಅಂದೆ."

"ಆ ಲಾರಿಯೋನು?"

"ಅವನು ಮತ್ತೆ ಆ ದಾರಿಗೆ ಬರ್ಲೇ ಇಲ್ಲ." ಮುದುಕಿಯ ದನಿ ಅಲ್ಲಿ ಒಡೆಯಿತು. "ಬಂದೋರೆಲ್ಲ ನಿನ್ನಂಥೋರು."

"ಬಿಚ್ಚಿಬಿಡಿ ಅಮ್ಮಾ. ಕಾಲಿಗೆ ಬೀಳ್ತೀನಿ."

"ಬಿಚ್ಚೋಕೆ ಅಂತ ಅಗೆದೆ. ಅಂಗಿ ಇರ್ಲಿಲ್ಲ. ಮಣ್ಣಲ್ಲಿ ಹೊಲಿಗೆ ಮಾತ್ರ ಇತ್ತು, ಅಂಗಿ ಆಕಾರಕ್ಕೆ. ಹಿಡಿದು ಎಳೆದ್ರೆ ಬೇರಿನ ಹಾಗೆ ಕೆಳಕ್ಕೆ ಹೋಗ್ತಾ ಇತ್ತು." ಅವಳು ಅವನ ಕೈ ಹುಡುಕಿ ಹಿಡಿದಳು. "ಹೋಗಿ ಕೂತ್ಕೋ. ಜಿಂಕೆ ಇನ್ನೂ ಸತ್ತಿರಲ್ಲ. ನೀನು ಬರೋ ತನಕ ಸಾಯಲ್ಲ."

"ಮಗು ಉಳಿಯುತ್ತಾ?"

"ಉಳಿಯುತ್ತೆ. ನೋವು ಬಿಡುತ್ತೆ. ಭಯ ಬಿಡುತ್ತೋ ಇಲ್ವೋ, ನಾನು ಹೇಳಲಾರೆ. ತಡ ಮಾಡ್ಬಿಟ್ಟೆ ನೀನು."

ಹೊತ್ತು ಇಳಿಯುವಾಗ ಅವನು ಆ ಜಾಗ ಮುಟ್ಟಿದ. ಕಾಡಿನಲ್ಲಿ ಹಕ್ಕಿಯ ದನಿಯೂ ಇರಲಿಲ್ಲ. ರಸ್ತೆಯಂಚಿನ ಡಾಂಬರಿನ ಮೇಲೆ ಬಿಳಿ ಗೀರುಗಳು, ಮೋರಿಯವರೆಗೆ. ಮೋರಿಯಲ್ಲಿ ಜಿಂಕೆ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಕಣ್ಣಿನ ಮೂಲೆಗೆ ಇರುವೆ ಸಾಲು ಹಿಡಿದಿತ್ತು. ಎದೆ ಏರಿಳಿಯುತ್ತಿತ್ತು. ಅದೇ ಲಯ. ಮಗಳ ಎದೆಯ ಲಯ.

ಅವನು ಇಳಿದು ಕೂತ. ಬೆರಳಿನಿಂದ ಇರುವೆ ತೆಗೆದ. ಒಂದೊಂದಾಗಿ ತೆಗೆದ. ಕೈ ತಾಗಿದಾಗಲೆಲ್ಲ ಜಿಂಕೆಯ ಇಡೀ ಮೈ ನಡುಗಿತು. ಓಡಲು ಹೊರಟ ಮುಂಗಾಲು ಮಣ್ಣನ್ನು ಕೆರೆಯಿತು. ಆಗ ಅವನಿಗೆ ತಿಳಿಯಿತು. ಅದರ ಲೋಕದಲ್ಲಿ ಅವನಿಗಿಂತ ಭಯದ ವಸ್ತು ಇನ್ನೊಂದಿರಲಿಲ್ಲ. ಕೊನೆಗಾಲಕ್ಕೆ ಜೊತೆಗೆ ಬಂದವನೂ ಅವನೇ.

"ಹೆದರ್ಬೇಡ," ಎಂದ. "ಹೆದರ್ಬೇಡ ಕಂದಾ."

ದೂರದಲ್ಲಿ ಲಾರಿಯ ಸದ್ದು. ಹತ್ತಿರ ಬಂತು. ನೆಲ ಅದುರಿತು. ಬೆಳಕಿಲ್ಲ. ಲಾರಿಯೂ ಇಲ್ಲ. ಸದ್ದು ಅವನ ಬೆನ್ನ ಹಿಂದೆಯೇ ಹಾದುಹೋಯಿತು. ನಿಲ್ಲಲಿಲ್ಲ. ಮತ್ತೊಂದು. ಅದೂ ನಿಲ್ಲಲಿಲ್ಲ. ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸಿತು. ಜಿಂಕೆಯದಲ್ಲ. ಅವನದಲ್ಲ. ಒದ್ದೆ ಉಸಿರು. ಭುಜಕ್ಕೆ ಯಾರೋ ಒರಗಿದ ಭಾರ. ತಣ್ಣಗಿನ ಬೆರಳು ಅವನ ಮೊಣಕೈ ಹಿಡಿಯಿತು. ಬೆರಳಿಗೆ ಉಗುರಿರಲಿಲ್ಲ. ಓಡು ಎಂದಿತು ಮೈ. ಕಾಲು ಎದ್ದವು. ಅವನು ಕಾಲುಗಳನ್ನು ಕೈಯಿಂದ ಒತ್ತಿ ಹಿಡಿದ. ಕೂತ. ಕತ್ತಲೆ ಕವಿಯಿತು. ಕೂತ.  ಮಗಳನ್ನು ನೆನೆದ. ಕೂತ.

ಜಿಂಕೆ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಂಡಿತು. ಬಿಟ್ಟಿತು. ಮತ್ತೆ ಎಳೆದುಕೊಳ್ಳಲಿಲ್ಲ. ಭುಜದ ಭಾರವೂ ಹಗುರಾಯಿತು. ಮುಚ್ಚದ ಕಣ್ಣು ಕೊನೆಯ ತನಕ ಅವನನ್ನೇ ನೋಡುತ್ತಿತ್ತು.

ಅವನು ಮನೆಗೆ ಬರುವಾಗ ಮನೆ ತುಂಬ ದೀಪ ಹಚ್ಚಿತ್ತು. ಹೆಂಡತಿ ಅಳುತ್ತ, ನಗುತ್ತ ಬಾಗಿಲಿಗೆ ಬಂದಳು. "ರೀ, ಎದ್ಲು! ನಿಂತ್ಕೊಂಡ್ಲು! ಹಸಿವು ಅಂತಾಳೆ!" ಒಳಗೆ ಅರಳು ಮಾತು ಹುರಿಯುತ್ತಿದ್ದದ್ದು ಬೀದಿಗೇ ಕೇಳುತ್ತಿತ್ತು. ಅವನು ಒಳಗೆ ಕಾಲಿಟ್ಟ.

ಮಾತು ನಿಂತಿತು. ಮಗಳು ಅವನನ್ನು ನೋಡಿದಳು. ಕಣ್ಣು ಅಗಲವಾದವು. ಇಡೀ ಮೈ ನಡುಗಿತು. ಕಿರುಚಲಿಲ್ಲ. ಗೋಡೆಗೆ ಗೋಡೆಗೆ ಅಪ್ಪಳಿಸುತ್ತ ಹಿತ್ತಿಲ ಬಾಗಿಲಿಗೆ ಓಡಿದಳು. ಅಲ್ಲಿ ಕಾಲು ಕುಸಿಯಿತು.

ಆ ಕಣ್ಣನ್ನು ಅವನು ಮೋರಿಯಲ್ಲಿ ಕಂಡಿದ್ದ. ಆವತ್ತೇ ಹೆಂಡತಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಆಮೇಲೆ ಏನೇನೋ ಮಾಡಿ ನೋಡಿದರು. ಮೈ ತಿಕ್ಕಿ ತಿಕ್ಕಿ ಸ್ನಾನ ಮಾಡಿದ, ಮೀಸೆ ಬೋಳಿಸಿದ, ಮರದ ಹುಡಿಯ ಬಟ್ಟೆಯನ್ನು ಮಿಲ್ಲಿನಲ್ಲೇ ಕಳಚಿ ಬಂದ. ದೂರದಿಂದ, ಬೆನ್ನು ಹಾಕಿ ಮಾತಾಡಿಸಿದ. ಅವನು ಮನೆಯಲ್ಲಿದ್ದಷ್ಟು ಹೊತ್ತೂ ಅವಳ ಎದೆ ಹಕ್ಕಿಯ ಎದೆಯಾಗುತ್ತಿತ್ತು, ಕಾಲು ಸೋಲುತ್ತಿತ್ತು. ಅವನು ಹೊರಗೆ ಹೋದರೆ ಎದ್ದು ಕುಣಿಯುತ್ತಿದ್ದಳು. ಹೆಂಡತಿ ನೆಲ ನೋಡುತ್ತ ಹೇಳಿದಳು: "ನೀವು ಮಿಲ್ಲಿಗೆ ಹೋದ್ಮೇಲೆ ಚೆನ್ನಾಗಿ ಊಟ ಮಾಡ್ತಾಳೆ."

ಒಂದು ಸಂಜೆ ಅವನು ಒಳಗೆ ಹೋಗದೆ ಕಾಂಪೌಂಡಿನ ಹೊರಗೆ ಕೂತಿದ್ದ. ಗೋಡೆಯ ಆಚೆ, ಗೇಟಿನ ಹತ್ತಿರ, ಮಗಳ ದನಿ ಕೇಳಿತು.

"ಅಮ್ಮಾ, ಅಪ್ಪ ಯಾಕೆ ಇನ್ನೂ ಬಂದಿಲ್ಲ?"

"ಬರ್ತಾರೆ ಕಣೇ."

"ದಿನಾ ಬರ್ತಾರೆ ಅಂತೀಯ. ಆ ಇನ್ನೊಬ್ಬ ಬರ್ತಾನಲ್ಲ, ಅವನು ಅಪ್ಪನ್ನ ಏನಾದ್ರೂ ಮಾಡಿದಾನಾ? ಅಪ್ಪನ ತಲೇಲಿ ಎಷ್ಟು ಹುಡಿ ತುಂಬಿರುತ್ತೋ ಏನೋ."

 ಗೋಡೆಯ ಈಚೆ ಅವನು ಬಾಯಿಗೆ ಅಂಗಿ ತುರುಕಿಕೊಂಡು ಕೂತಿದ್ದ.

ಬೇರೆ ಕಡೆ, ಬಹಳ ದೂರದಲ್ಲಿ, ಒಂದು ಮಿಲ್ಲಿನಲ್ಲಿ ಕೆಲಸ ಕೇಳಿದ. ಸಿಕ್ಕಿತು. ಹೆಂಡತಿ ಬಟ್ಟೆಯ ಗಂಟು ಕಟ್ಟಿಕೊಟ್ಟಳು; ಗಂಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಜೇಬಿನಲ್ಲೇ ಉಳಿದಿದ್ದ ಬುಗುರಿಯನ್ನು ಅವನು ಅವಳ ಕೈಗೆ ಕೊಟ್ಟ.

"ಅಪ್ಪ ಕಳಿಸಿದ್ದು ಅನ್ನು. ನಾನು ಕೊಟ್ಟೆ ಅನ್ಬೇಡ."

ಮಗಳು ಒಳಗೆ ನಿದ್ದೆಯಲ್ಲಿದ್ದಳು. ಬೆಳಗಿನ ತಿಳಿ ಬೆಳಕು. ಅವನು ಗಾಡಿಯನ್ನು ಒದೆಯಲಿಲ್ಲ. ಗೇಟು ಕಿರುಗುಟ್ಟದಂತೆ ಎತ್ತಿ ಹಿಡಿದು ತೆಗೆದ. ಹ್ಯಾಂಡಲ್ ಹಿಡಿದು ತಳ್ಳಿಕೊಂಡೇ ಬೀದಿ ದಾಟಿದ, ತಿರುವು ದಾಟಿದ, ಏರು ಹತ್ತಿದ. ಸದ್ದು ಕೇಳಿದರೆ ಅವಳು ಅಪ್ಪ ಬಂದ ಎಂದು ಗೇಟಿಗೆ ಓಡಿಬಿಡುತ್ತಾಳೆ, ಓಡಿ ಬಂದು ಅವನನ್ನು ನೋಡಿಬಿಡುತ್ತಾಳೆ ಎಂಬ ಹೆದರಿಕೆ. ಮನೆ ಪೂರಾ ಮರೆಯಾದ ಮೇಲೂ ಅವನು ತಳ್ಳುತ್ತಲೇ ಇದ್ದನೆಂದು ಕೆಲಸಕ್ಕೆ ಬರುತ್ತಿದ್ದ ಕೂಲಿಯವರು ಆಮೇಲೆ ಹೇಳಿದರು.

ಮರಗಳಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ.