ಚರ್ಚಿನ ಹೊಸ್ತಿಲಲ್ಲಿ ಮಿರ್ಕೊ

ಡೆಕ್ಲನ್ ತೀರಿಕೊಂಡ ಸುದ್ದಿ ಬಂದರೂರು ಪೋರ್ಟ್ ಕೆಂಬ್ಲಾದ ಬಾಕ್ಸಿಂಗ್ ಶೆಡ್ಡಿಗೆ ಮುಟ್ಟಿದ್ದು ಮಂಗಳವಾರ ಬೆಳಿಗ್ಗೆ. ತಂದವಳು ಅವನನ್ನು ಅಲ್ಲಿಗೆ ಕರೆತರುತ್ತಿದ್ದ ತಂಗಿ ಮೊಯ್ರಾ.

ಪಾರ್ಕಿನ್ಸನ್ ಕಾಯಿಲೆಗೆ ಮೈ ಸೋಲದಿರಲೆಂದು ಅಲ್ಲಿ ಗುದ್ದಾಡುವ ಹಿರಿಯರೆಲ್ಲ ಕೈಗವಸು ಬಿಚ್ಚಿ ಅತ್ತರು. ಡೆಕ್ಲನ್‌ನ ಗುದ್ದಾಟದ ಜೋಡಿ ಮಿರ್ಕೊ ಮಾತ್ರ ಅಳಲಿಲ್ಲ. ಕಲ್ಲಿನಂತಹ ಮುಖ.

"ಹಂಗಾದ್ರೆ... ನೀವಿನ್ನು ಇಲ್ಲಿಗೆ ಬರಲ್ವಾ?" ಎಂದಷ್ಟೇ ಮೊಯ್ರಾಳನ್ನು ಕೇಳಿದ.

ಅಣ್ಣ ಹೋದ ದಿನ ಕೇಳುವ ಮಾತೇ ಇದು! ಈ ಮನುಷ್ಯನಿಗಾಗಿಯೇ ಅಲ್ಲವೇ ತಾನು ಈ ವಯಸ್ಸಿನಲ್ಲೂ ಕನ್ನಡಿ ನೋಡಿಕೊಂಡು ಬರುತ್ತಿದ್ದುದು? ಮೊಯ್ರಾಳ ಎದೆ ಉರಿಯಿತು.

ಅಂತ್ಯಸಂಸ್ಕಾರದ ದಿನ ಶವಪೆಟ್ಟಿಗೆ ಚರ್ಚಿನೊಳಗೆ ಹೋಯಿತು. ಮಿರ್ಕೊ ಹೊಸ್ತಿಲಲ್ಲೇ ನಿಂತ. ಪಾದ್ರಿಯ ಬಲಿಪೂಜೆ ಮುಗಿದರೂ ಒಳಗೆ ಕಾಲಿಡಲಿಲ್ಲ.

ಶನಿವಾರ ಅಣ್ಣನ ಕೈಗವಸು ಒಯ್ಯಲು ಅವಳು ಶೆಡ್ಡಿಗೆ ಹೋದಳು. ಮಿರ್ಕೊನಿಗೆ ಏಟು ತಡೆಯುವ ಪ್ಯಾಡ್ ಹಿಡಿಯುವವರಿರಲಿಲ್ಲ. ಸಿಟ್ಟಿನಲ್ಲೇ ಹಿಡಿದಳು.

"ಹೊಡೀರಿ! ಕೂಗ್ತಾ ಹೊಡೀರಿ!"

ಕಾಯಿಲೆಯಿಂದ ಉಡುಗುವ ಧ್ವನಿ ಉಳಿಯಲೆಂದು ಪ್ರತಿ ಏಟಿಗೂ ಶತ್ರುವಿನ ಹೆಸರು ಕೂಗುವುದು ಅಲ್ಲಿಯ ರೂಢಿ. ಡೆಕ್ಲನ್ ತನ್ನ ಡಾಕ್ಟರರ ಹೆಸರು ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ಮಿರ್ಕೊ ಬರೀ ಗುದ್ದುತ್ತಿದ್ದ.

"ಬಾಯಿ ಬಿದ್ದುಹೋಯ್ತಾ? ನಮ್ಮಣ್ಣನಿಗೊಂದು ಪ್ರಾರ್ಥನೆ ಹೇಳೋಕೂ ಒಳಗೆ ಬರಲಿಲ್ಲ ನೀವು!"

ಧಡ್! "ಬಾಗಿಲು!"

ಧಡ್! "ಹಾಳು ಬಾಗಿಲು!"

ಮೊಯ್ರಾ ಪ್ಯಾಡ್ ಇಳಿಸಿದಳು. "ಏನಂದ್ರಿ?"

"ಕಾಲು ಅಂಟಿಕೊಂಡ್ವು, ಮೊಯ್ರಾ. ಈ ಕಾಯಿಲೆಲಿ ಬಾಗಿಲು ಕಂಡ್ರೆ ಹೆಜ್ಜೆ ಏಳಲ್ಲ. ಡೆಕ್ಲನ್‌ಗೆ ಬರೀ ಕೈ ನಡುಗ್ತಿತ್ತು. ನನಗೆ ಕಾಲು, ಮುಖ... ಎರಡೂ ಮಾತು ಕೇಳಲ್ಲ. ಒಳಗೊಳಗೇ ಅಳ್ತಿದ್ದೆ."

"ಯಾರನ್ನಾದ್ರೂ ಕರೀಬಾರದಿತ್ತಾ?"

"ಕರೆದೆ. ನನ್ನ ದನಿ ನನಗೇ ಕೇಳಿಸಲಿಲ್ಲ."

ಅಯ್ಯೋ ದೇವರೇ! ಇಷ್ಟು ದಿನ ಪಕ್ಕದಲ್ಲಿದ್ದೂ ತಾನು ಕಂಡದ್ದು ಮುಖವನ್ನು ಮಾತ್ರವೇ?

"ಮತ್ತೆ... ಬರಲ್ವಾ ಅಂತ ಕೇಳಿದ್ದು?"

"ಭಯ ಆಯ್ತು. ಅವನು ಹೋದ. ನೀವೂ ಬರದಿದ್ರೆ... ನಾನು ಯಾರಿಗಾಗಿ ಬರಲಿ?"

ಮರುದಿನ ಭಾನುವಾರ. ಇಬ್ಬರೂ ಅದೇ ಚರ್ಚಿನ ಬಾಗಿಲಿಗೆ ಬಂದರು. ಮಿರ್ಕೊನ ಕಾಲು ಮತ್ತೆ ನೆಲ ಕಚ್ಚಿತು. ಹಿಂದಿನವರು ಕೆಮ್ಮಿದರು. ಅವನ ಹಣೆ ಬೆವರಿತು.

"ಏನು ಮಾಡ್ಲಿ, ಹೇಳಿ!" ಮೊಯ್ರಾ ಪಿಸುಗುಟ್ಟಿದಳು.

"ಕಾಲಿಗೆ ಅಡ್ಡ... ಏನಾದ್ರೂ ಇದ್ರೆ... ಅದನ್ನ ದಾಟೋಕೆ ಹೆಜ್ಜೆ ಏಳುತ್ತೆ."

ಮೊಯ್ರಾ ತನ್ನ ಪಾದವನ್ನೇ ಅವನ ಮುಂದೆ ಅಡ್ಡವಿಟ್ಟಳು. "ದಾಟಿ. ತುಳಿದ್ರೆ ಮಾತ್ರ ಇಲ್ಲೇ ಬೈತೀನಿ!"

ಕಾಲು ಎದ್ದಿತು. ಅವನು ಒಳಗಿದ್ದ!

"ಎಲ್ಲ ಬಾಗಿಲಲ್ಲೂ ಹೀಗೇ ಇಡ್ತೀರಾ?"

"ನಿಮ್ಮನೆ ಬಾಗಿಲಿಂದಲೇ ಶುರು ಮಾಡ್ತೀನಿ. ಈಗ ಸುಮ್ಮನೆ ಮೊಣಕಾಲೂರಿ."

ಅವಳು ಅವನ ಕೈ ಹಿಡಿದಳು. ಇಬ್ಬರೂ ತಲೆಬಾಗಿದರು.

ಪ್ರಭುವೇ, ನಿನ್ನ ದಾಸ ಡೆಕ್ಲನ್‌ನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ಅವನ ಆತ್ಮ ನಿನ್ನಲ್ಲಿ ಶಾಂತಿಯಿಂದಿರಲಿ. ಆಮೆನ್.